ಸೆವ್ರಿನ್ ಬಾಯಿಯ ಬೇಡಿಕೆ

ನಮ್ಮ ವಾಳೆಯಲ್ಲಿ ಸೆವ್ರಿನ್ ಬಾಯಿಗೆ ಎರಡು ಹೆಸರು. ಎದುರಿನಲ್ಲಿ ಎಲ್ಲರೂ ಬಾಯಿ, ಅಂದರೆ ಅಕ್ಕ, ಎನ್ನುತ್ತಾರೆ, ಬೆನ್ನ ಹಿಂದೆ ಸಿ.ಸಿ. ಕ್ಯಾಮೆರಾ ಎನ್ನುತ್ತಾರೆ. ಎರಡನೆಯದೂ ಅವರ ಕಿವಿಗೆ ಬಿದ್ದಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮೊದಲು ಹೇಳಿದ್ದು ಯಾರೆಂದು ಮಾತ್ರ ಕೆಲವು ದಿನ ವಿಚಾರಿಸಿದರು.

ವಾಳೆ ಎಂದರೆ ಒಂದೇ ಇಗರ್ಜಿಗೆ (ಚರ್ಚಿಗೆ) ಸೇರಿದ ಅಕ್ಕಪಕ್ಕದ ಮನೆಗಳ ಗುಂಪು. ಅದನ್ನು ನೋಡಿಕೊಳ್ಳಲು ಒಬ್ಬ ಗುರಿಕಾರ ಇರುತ್ತಾನೆ. ನಮ್ಮದು ಶಿರ್ವಕ್ಕೂ ಶಂಕರಪುರಕ್ಕೂ ನಡುವಿನ ವಾಳೆ. ಹೆಚ್ಚಿನವರ ಮನೆಮಾತು ಕೊಂಕಣಿ, ಹೆಚ್ಚಿನವರ ಅಂಗಳದಲ್ಲಿ ಮಲ್ಲಿಗೆ. ಸೆವ್ರಿನ್ ಬಾಯಿ ಮದುವೆಯಾಗಿ ಇಲ್ಲಿಗೆ ಬಂದದ್ದು ಕಾರ್ಕಳದ ಅತ್ತೂರಿನಿಂದ. ಗಂಡ ನೆವಿಲ್ ಕಾಪುವಿನ ಒಂದು ಶಾಲೆಯ ಬಸ್ಸು ಓಡಿಸುತ್ತಾರೆ. ಮಗಳು ಫಿಯೋನಾಗೆ ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಕೆಲಸ. ವಾರದ ಕೊನೆಗೆ ಮನೆಗೆ ಬರುತ್ತಾಳೆ.

ಬಾಯಿಯ ಸಂಶಯಕ್ಕೆ ಗಡಿ ಇರಲಿಲ್ಲ. ಹಾಲಿಗೆ ನೀರು, ಅಕ್ಕಿಗೆ ಕಲ್ಲು, ಹೂವಿನ ಏಜೆಂಟ್ ಸರ್ವೋತ್ತಮನ ಮಾತಿಗೆ ಎಣ್ಣೆ, ಇವೆಲ್ಲ ಬೆರೆತೇ ಬರುತ್ತವೆ ಎಂದು ಅವರ ನಂಬಿಕೆ. ಪಾಪ ನಿವೇದನೆಯ ಸಾಲಿನಲ್ಲಿ ನಿಂತಾಗಲೂ ಮುಂದಿನವರು ಒಳಗೆ ಎಷ್ಟು ಹೊತ್ತು ಇದ್ದರೆಂದು ಗಮನಿಸುತ್ತಿದ್ದರಂತೆ. ಆದರೆ ದಿನದ ಪೂಜೆ ತಪ್ಪಿಸಿದವರಲ್ಲ. ಯಾರಿಗೆ ಕಾಯಿಲೆಯಾದರೂ ಮೊದಲು ಗಂಜಿ ತೆಗೆದುಕೊಂಡು ಹೋಗುವವರು ಅವರೇ. ಸತ್ತವರ ಮೈ ತೊಳೆಯಲು ಮನೆಯವರೇ ಹಿಂದೆ ಸರಿದಲ್ಲಿ ಸೆರಗು ಸಿಕ್ಕಿಸಿ ಮುಂದೆ ಬಂದವರು. ಹಿಂದೆ ಭಾನುವಾರಗಳಲ್ಲಿ ಮಕ್ಕಳಿಗೆ ಧರ್ಮೋಪದೇಶವನ್ನೂ ಕಲಿಸಿದ್ದರು. ಹೊಸ ಧರ್ಮಗುರುಗಳು ಬಂದಾಗಲೆಲ್ಲ ನಿಜವಾದ ಕ್ರೈಸ್ತಳು ಎಂದು ತೋರಿಸಲು ವಾಳೆಯವರು ಬೆರಳು ಮಾಡುತ್ತಿದ್ದದ್ದು ಈ ಕ್ಯಾಮೆರಾದ ಕಡೆಗೇ.

ಮನೆಯ ಎಡಗಡೆ ಅವರ ಮಲ್ಲಿಗೆ ಗಿಡಗಳು, ಗಿಡಗಳಾಚೆ ಬೇಲಿ, ಬೇಲಿಯಾಚೆ ಹೆರಾಲ್ಡನ ಮನೆ. ಹೆರಾಲ್ಡ್ ಬಹರೈನಿನಲ್ಲಿ ಕೆಲಸ ಮಾಡಿ ಬಂದವನು. ಈಗ ಊರಲ್ಲಿ ಪಂಪು ರಿಪೇರಿ ಮಾಡುತ್ತಾನೆ. ಬಾಯಿಗಿಂತ ಏಳೆಂಟು ವರ್ಷ ಚಿಕ್ಕವನು, ಮಾತು ಕಡಿಮೆ. ಅವನ ಹೆಂಡತಿ ಗ್ರೆಟ್ಟಾಳದ್ದು ಮಾತು ಜಾಸ್ತಿ. ಇಬ್ಬರು ಹೆಂಗಸರೂ ಬೇಲಿಯ ಮೇಲಿಂದ ಮೀನಿನ ಸಾರು, ಹಲಸಿನ ತೊಳೆ ಬದಲಾಯಿಸಿಕೊಂಡು ಚೆನ್ನಾಗಿಯೇ ಇದ್ದರು.

ಮಳೆಗಾಲದ ಮೊದಲಲ್ಲಿ ಬಾಯಿ ಒಂದು ಕೆಲಸ ಮಾಡಿಸಿದರು. ಮಲ್ಲಿಗೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆಂದು, ನೀರು ಹರಿದುಹೋಗಲು ಬೇಲಿಯ ಬದಿಗೆ ಒಂದು ಕಣಿ ತೋಡಿಸಿದರು. ಕಣಿಯ ನೀರು ಹೆರಾಲ್ಡನ ಹಿತ್ತಿಲಿಗೆ ಬಿತ್ತು. ಅವನು ಬಂದು ಹೇಳಿದ, ಬಾಯಿ ಕೇಳಿಸಿಕೊಂಡರು. ನೀರು ತಗ್ಗಿಗೆ ಹರಿಯುವುದು ದೇವರು ಮಾಡಿದ ಕ್ರಮ, ಅದಕ್ಕೆ ತಾನೇನು ಮಾಡಲಿ ಎಂದು ನಕ್ಕರು. ಹೆರಾಲ್ಡ್ ನಗಲಿಲ್ಲ. ಜೋರು ಮಳೆಯ ಒಂದು ಬೆಳಿಗ್ಗೆ ಗ್ರೆಟ್ಟಾ ಬಚ್ಚಲಿಗೆ ಹೋಗುವ ದಾರಿಯಲ್ಲಿ ಜಾರಿ ಬಿದ್ದಳು. ಸೊಂಟದ ಎಲುಬು ಮುರಿದು ಮಣಿಪಾಲದಲ್ಲಿ ಆಪರೇಷನ್ ಆಯಿತು, ಆಮೇಲೆ ಮಲಗಿದಲ್ಲೇ. ಬಾಯಿ ಗಂಜಿ ತೆಗೆದುಕೊಂಡು ಹೋದರು. ಹೆರಾಲ್ಡ್ ಪಾತ್ರೆಯನ್ನು ಬಾಗಿಲಲ್ಲೇ ತೆಗೆದುಕೊಂಡು, ಮಲಗಿದ್ದಾಳೆ ಎಂದು ಹೇಳಿ ಕಳುಹಿಸಿದ. ಇದೇಕೆ ಒಳಗೆ ಬಿಡುವುದಿಲ್ಲ ಎಂದು ಬಾಯಿಗೆ ಅಂದೇ ಸಂಶಯ ಬಂತು. ಕಾರಣ ತನ್ನ ಕಡೆಯಿಂದ ಇರಬಹುದೆಂಬ ಸಂಶಯ ಮಾತ್ರ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟಿತು. ನವರಾತ್ರಿ ಹತ್ತಿರ ಬಂದು ಹೂವಿಗೆ ಬೆಲೆ ಏರುವ ಹೊತ್ತಿಗೆ, ಬೇಲಿಯ ಬದಿಯ ಒಂದು ಸಾಲು ಗಿಡಗಳ ಎಲೆ ಬೆಳ್ಳಗಾಗಿ ಮುರುಟಿತು. ವಾರ ಕಳೆಯುವುದರೊಳಗೆ ಮೊಗ್ಗು ಒಣಗಿತು, ಗಿಡ ಸತ್ತಿತು. ಉಳಿದ ಸಾಲುಗಳಿಗೆ ಏನೂ ಆಗಿರಲಿಲ್ಲ. ಸರ್ವೋತ್ತಮ ಬಂದು ಎಲೆಯನ್ನು ತಿರುಗಿಸಿ ನೋಡಿ, ರೋಗವೂ ಇರಬಹುದು, ಹುಲ್ಲು ಸಾಯಿಸುವ ಮದ್ದು ತಾಗಿದ್ದೂ ಇರಬಹುದು, ಹೇಳಲಿಕ್ಕಾಗುವುದಿಲ್ಲ ಎಂದ. ಬಾಯಿಗೆ ಅವನ ಮಾತಿನ ಎರಡನೆಯ ಅರ್ಧ ಸಾಕಾಯಿತು. ಸಾಲು ಒಣಗುವ ಸ್ವಲ್ಪ ದಿನ ಮೊದಲು ಹೆರಾಲ್ಡ್ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬೇಲಿಯ ಆಚೆ ಹುಲ್ಲಿಗೆ ಮದ್ದು ಬಿಡುವುದನ್ನು ಅವರು ಅಡುಗೆಮನೆಯ ಕಿಟಕಿಯಿಂದ ನೋಡಿದ್ದರು.

ಅಂದಿನಿಂದ ಆ ಕಿಟಕಿ ಮುಚ್ಚಲಿಲ್ಲ. ಹೆರಾಲ್ಡ್ ಹೊರಗೆ ಬಂದರೆ ಇವರು ಪಾತ್ರೆ ತೊಳೆಯಲು ನಿಲ್ಲುವರು. ಅವನು ಬೇಲಿಯ ಕಡೆ ನೋಡದಿದ್ದರೆ ತಪ್ಪಿತಸ್ಥ ಎಂದು ಲೆಕ್ಕ, ನೋಡಿದರೆ ಭಂಡ ಎಂದು ಲೆಕ್ಕ. ಸ್ಕೂಟರಿನಲ್ಲಿ ಮೀನು ತರುವ ಹಾಜಬ್ಬನ ಹತ್ತಿರವೂ ವಿಚಾರಣೆ ನಡೆಯಿತು. ಹೆರಾಲ್ಡ್ ನಮ್ಮ ಬಗ್ಗೆ ಎಂತಾದರೂ ಹೇಳಿದನೋ ಎಂದು ಬಾಯಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಾ ಕೇಳಿದರು.

“ನನ್ನದು ಮೀನು ಮಾತ್ರ ಬಾಯಿ” ಎಂದ ಹಾಜಬ್ಬ. “ಸುದ್ದಿಗೆ ಬೇರೆ ಗಾಡಿ ಬರ್ತದೆ.”

ಅಂದು ಅವನ ಬಂಗುಡೆಯೂ ಹಳೆಯದೆಂದು ಬಾಯಿಗೆ ಅನಿಸಿತು.

ಇಷ್ಟೆಲ್ಲ ಆದರೂ ಹೆರಾಲ್ಡನನ್ನು ನೇರವಾಗಿ ಒಂದು ಮಾತು ಕೇಳಲಿಲ್ಲ. ತಪ್ಪು ಮಾಡಿದ ಸೋದರನ ಹತ್ತಿರ ಮೊದಲು ಒಬ್ಬರೇ ಹೋಗಿ ಮಾತಾಡಬೇಕೆಂದು ಯೇಸು ಹೇಳಿದ್ದನ್ನು ಧರ್ಮೋಪದೇಶದ ಮಕ್ಕಳಿಗೆ ಅವರೇ ಬಾಯಿಪಾಠ ಮಾಡಿಸಿದ್ದರು. ಆ ಪಾಠ ನೆನಪಿಗೆ ಬಂದಿತ್ತಂತೆ. ಹೋದರೆ ಅವನು ಇಲ್ಲ ಎನ್ನುತ್ತಾನೆ, ಇಲ್ಲ ಎಂದ ಮೇಲೆ ಸಂಶಯಪಡುವುದು ಕಷ್ಟ, ಅದಕ್ಕೇ ಹೋಗಲಿಲ್ಲ ಎಂದು ಆಮೇಲೆ ಅವರೇ ಹೇಳಿದರು.

ಅಕ್ಟೋಬರ್ ನಮಗೆ ಜಪಮಾಲೆಯ ತಿಂಗಳು. ಗಾಜಿನ ಪೆಟ್ಟಿಗೆಯಲ್ಲಿರುವ ಮಾತೆ ಮರಿಯಳ ಪ್ರತಿಮೆ ವಾಳೆಯ ಮನೆಯಿಂದ ಮನೆಗೆ ಹೋಗುತ್ತದೆ. ಮಾತೆ ಇರುವ ಮನೆಯಲ್ಲಿ ಸಂಜೆ ಎಲ್ಲರೂ ಸೇರಿ ತೇರ್ಸ್, ಅಂದರೆ ಜಪಮಾಲೆ, ಹೇಳುತ್ತೇವೆ. ಮರುದಿನ ಆ ಮನೆಯ ಹೆಂಗಸು ಪ್ರತಿಮೆಯನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಹೊಸ್ತಿಲಲ್ಲಿ ಒಪ್ಪಿಸುತ್ತಾಳೆ, ಅಂದಿನ ತೇರ್ಸ್ ಅಲ್ಲಿ. ತೇರ್ಸಿನ ನಡುವೆ ಬೇಡಿಕೆಗಳಿಗೆ ಸ್ವಲ್ಪ ಹೊತ್ತು ಉಂಟು. ಯಾರಾದರೂ ತಮ್ಮ ಬೇಡಿಕೆಯನ್ನು ಗಟ್ಟಿಯಾಗಿ ಹೇಳಬಹುದು: ಮಗನ ವೀಸಾ, ಅತ್ತೆಯ ಸಕ್ಕರೆ ಕಾಯಿಲೆ, ಮಗಳ ಪರೀಕ್ಷೆ. ಪ್ರತಿಯೊಂದಕ್ಕೂ ಉಳಿದವರು ಪ್ರಭುವೇ ನಮ್ಮ ಮೊರೆ ಕೇಳು ಎನ್ನುತ್ತಾರೆ.

ತಿಂಗಳ ಮೊದಲ ವಾರ, ಇನ್ನೊಬ್ಬರ ಮನೆಯ ತೇರ್ಸಿನಲ್ಲಿ, ಬೇಡಿಕೆಯ ಹೊತ್ತಿಗೆ ಸೆವ್ರಿನ್ ಬಾಯಿಯ ಸ್ವರ ಎದ್ದಿತು.

“ನೆರೆಯವರ ಅನ್ನಕ್ಕೆ ವಿಷ ಹಾಕುವವರ ಮನಸ್ಸು ಕರಗಲಿ, ಅವರಿಗೆ ಪಶ್ಚಾತ್ತಾಪದ ವರ ಸಿಗಲಿ ಎಂದು ಬೇಡೋಣ.”

ಎಲ್ಲರೂ ರೂಢಿಯಂತೆ ಪ್ರಭುವೇ ನಮ್ಮ ಮೊರೆ ಕೇಳು ಎಂದರು. ಹೆರಾಲ್ಡನೂ ಎಂದ. ಅರ್ಥವಾದದ್ದು ಆಮೇಲೆ. ಮುಂದಿನ ನಮೋ ಮರಿಯಾ ಹೇಳುವಾಗ ತಲೆಗಳು ಒಂದೊಂದಾಗಿ ಅವನ ಕಡೆ ತಿರುಗಿದವು. ಕೊನೆಯಲ್ಲಿ ಹಂಚುವ ಚಹಾ ಚಕ್ಕುಲಿಗೆ ಕಾಯದೆ ಅವನು ಚಪ್ಪಲಿ ಹಾಕಿಕೊಂಡು ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಪಂಪು ಕೆಟ್ಟ ಒಬ್ಬಿಬ್ಬರು ಬೇರೆಯವರನ್ನು ಕರೆದರೆಂದು ಕೇಳಿದೆವು. ಬಾಯಿಯ ಸಂಶಯ ಈಗ ಇಡೀ ವಾಳೆಯದ್ದಾಗಿತ್ತು. ಬಾಯಿ ಮನೆಗೆ ಬಂದು, ತಾನು ಯಾರ ಹೆಸರನ್ನೂ ಹೇಳಲಿಲ್ಲ, ಪ್ರಾರ್ಥನೆ ಮಾತ್ರ ಮಾಡಿದ್ದು ಎಂದರು.

ನೆವಿಲ್ ಊಟ ಮಾಡುತ್ತಿದ್ದರು. “ನೀನು ಹೇಳಿದ್ದು ಮಾತೆಗಾ, ಹೆರಾಲ್ಡನಿಗಾ?” ಎಂದು ಕೇಳಿದರು. “ಮಾತೆಗಾದರೆ ಅಷ್ಟು ದೊಡ್ಡ ಸ್ವರ ಬೇಡ ಇತ್ತು. ಅವಳಿಗೆ ಕಿವಿ ಕೇಳ್ತದೆ.”

ಬಾಯಿ ಗಂಡನಿಗೆ ಸಾರು ಬಡಿಸಲಿಲ್ಲ. ನೆವಿಲ್ ತಾವೇ ಎದ್ದು ಹಾಕಿಕೊಂಡರು.

ಮಾತೆ ಸೆವ್ರಿನ್ ಬಾಯಿಯ ಮನೆಗೆ ಬಂದದ್ದು ಒಂದು ಶನಿವಾರ. ಮರುದಿನ ಸಂಜೆ ಅಲ್ಲಿಂದ ಹೆರಾಲ್ಡನ ಮನೆಗೆ ಹೋಗಬೇಕು. ಶನಿವಾರ ಬೆಳಿಗ್ಗೆಯೇ ಗುರಿಕಾರ ಜೋವಿನ್ ಬಂದು ಒಂದು ಉಪಾಯ ಹೇಳಿದ. ಗ್ರೆಟ್ಟಾ ಮಲಗಿದಲ್ಲೇ ಇದ್ದಾಳೆ, ಅವರಿಗೆ ತೊಂದರೆ ಕೊಡುವುದು ಬೇಡ, ಆ ಮನೆ ಬಿಟ್ಟು ಅದರ ನಂತರ ಸರದಿ ಇರುವ ತನ್ನ ಮನೆಗೇ ಮಾತೆಯನ್ನು ತರೋಣ ಎಂದ. ತೊಂದರೆ ಯಾರಿಗೆಂದು ಇಬ್ಬರಿಗೂ ಗೊತ್ತಿತ್ತು. ಬಾಯಿ ಆಗಲಿ ಎಂದರು. ಹೆರಾಲ್ಡನಿಗೆ ಯಾರು ಹೇಳುವುದೆಂದು ಜೋವಿನೂ ಕೇಳಲಿಲ್ಲ, ಬಾಯಿಯೂ ಕೇಳಲಿಲ್ಲ.

ಮಧ್ಯಾಹ್ನ ಫಿಯೋನಾ ಮಣಿಪಾಲದಿಂದ ಬಂದಳು. ಬಂದವಳು ಬ್ಯಾಗು ಇಡುತ್ತಾ, ಗ್ರೆಟ್ಟಾ ಆಂಟಿಯನ್ನು ಆಸ್ಪತ್ರೆಯಲ್ಲಿ ಕಂಡೆ ಎಂದಳು. ತಪಾಸಣೆಗೆಂದು ಹೆರಾಲ್ಡ್ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಬಂದಿದ್ದನಂತೆ. ನೋವಿನ ಬಗ್ಗೆ ಕೇಳಿದರೆ ಗ್ರೆಟ್ಟಾ ಬೇರೆಯೇ ಮಾತು ತೆಗೆದಳಂತೆ. ಬಿದ್ದ ಮೇಲೆ ಇಗರ್ಜಿ ಕಾಣಲಿಲ್ಲ, ಮಾತೆ ಬರುವ ದಿನ ತನ್ನನ್ನು ಹೇಗಾದರೂ ಎದ್ದು ಕೂರಿಸಬೇಕೆಂದು ಹೆರಾಲ್ಡನಿಗೆ ಹೇಳಿಟ್ಟಿದ್ದೇನೆ, ನಿನ್ನ ಮಮ್ಮಿಯೇ ತಂದುಕೊಡುವುದಲ್ವಾ ಎಂದು ಕೇಳಿದಳಂತೆ.

“ಅವಳಿಗೆ ಏನೂ ಗೊತ್ತಿಲ್ಲ ಮಮ್ಮಿ” ಎಂದಳು ಫಿಯೋನಾ. “ನಿನ್ನ ಬೇಡಿಕೆಯ ಕತೆ ಅಂಕಲ್ ಹೇಳಿಯೇ ಇಲ್ಲ.”

ಬಾಯಿಗೆ ಮೊದಲು ಬಂದದ್ದು ಮತ್ತೆ ಸಂಶಯವೇ. ಹೆರಾಲ್ಡನೇ ಹೆಂಡತಿಯ ಬಾಯಲ್ಲಿ ಹೇಳಿಸಿರಬಹುದೇ? ಹಾಗೆ ಕೇಳಿಯೂ ಕೇಳಿದರು. ಮಗಳು ಸ್ನಾನಕ್ಕೆ ಹೋದಳು.

ಅಂದಿನ ತೇರ್ಸ್ ಹೇಗೋ ಮುಗಿಯಿತು. ಭಾನುವಾರ ಇಡೀ ದಿನ ಮಾತೆ ಅವರ ಮನೆಯ ದೇವರ ಪೀಠವಾದ ಅಲ್ತಾರಿನ ಮೇಲೆ ಇದ್ದಳು, ಸುತ್ತ ಅವರದೇ ಮಲ್ಲಿಗೆ. ಬಾಯಿ ಎಷ್ಟೋ ಸಲ ಮೊಣಕಾಲೂರಿದರು, ಒಂದು ಜಪವೂ ಕೊನೆ ಮುಟ್ಟಲಿಲ್ಲ. ಒಳಗೆ ಲೆಕ್ಕಾಚಾರ ನಡೆಯುತ್ತಿತ್ತು. ಗಿಡಗಳಿಗೆ ಮದ್ದು ಬಿಟ್ಟದ್ದು ಹೆರಾಲ್ಡ್ ಇರಬಹುದು, ಇಲ್ಲದಿರಲೂಬಹುದು. ನೋಡಿದ್ದು ಹುಲ್ಲಿಗೆ ಬಿಡುವುದನ್ನು ಮಾತ್ರ. ಆದರೆ ಮಲಗಿದವಳ ಮನೆಗೆ ಹೋಗಬೇಕಾದ ಮಾತೆಯನ್ನು ತಡೆದದ್ದು ಯಾರೆಂಬುದರಲ್ಲಿ ಸಂಶಯಕ್ಕೆ ಜಾಗವೇ ಇರಲಿಲ್ಲ. ಎಲ್ಲರ ಮೇಲೆಯೂ ಸಂಶಯಪಟ್ಟ ಹೆಂಗಸಿಗೆ ಕೊನೆಗೆ ಖಚಿತವಾಗಿ ಸಿಕ್ಕಿದ ಒಂದೇ ತಪ್ಪು ತನ್ನದು.

ಸಂಜೆ ಮಾತೆಯನ್ನು ಕರೆದೊಯ್ಯಲು ವಾಳೆಯವರು ಅಂಗಳದಲ್ಲಿ ಸೇರಿದರು. ಹೊರಡುವ ಮೊದಲು ಒಂದು ಚಿಕ್ಕ ಪ್ರಾರ್ಥನೆ ಇರುತ್ತದೆ. ಅದು ಮುಗಿಯುವಾಗ ಬಾಯಿ, ಒಂದು ಬೇಡಿಕೆ ಉಂಟು ಎಂದರು. ಈ ಸಲ ಯಾರ ಸರದಿಯೋ ಎಂದು ಎಲ್ಲರಿಗೂ ಭಯ.

“ಮೊನ್ನೆ ನಾನು ಬೇಡಿಕೆ ಎಂದು ಹೇಳಿದ್ದು ಬೇಡಿಕೆ ಅಲ್ಲ, ದೂರು. ಹೆರಾಲ್ಡನ ಮೇಲೆ. ನನ್ನ ಹತ್ತಿರ ಸಾಕ್ಷಿ ಇಲ್ಲ. ನಿಮ್ಮೆಲ್ಲರ ಬಾಯಿಂದ ಅದಕ್ಕೆ ಹೌದು ಎಂದು ಹೇಳಿಸಿದೆ. ದೇವರು ನನ್ನನ್ನು ಕ್ಷಮಿಸಲಿ, ನೀವೂ ಕ್ಷಮಿಸಿ.”

ಯಾರೂ ಮೊರೆ ಕೇಳು ಎನ್ನಲಿಲ್ಲ. ಎನ್ನಬೇಕೋ ಬೇಡವೋ ತಿಳಿಯಲಿಲ್ಲ. ಬಾಯಿ ಪ್ರತಿಮೆಯನ್ನು ಎತ್ತಿ ಎದೆಗೆ ಒತ್ತಿಕೊಂಡು ಅಂಗಳ ಇಳಿದರು. ಗೇಟಿನ ಹತ್ತಿರ ಜೋವಿನ್ ಬಲಕ್ಕೆ, ತನ್ನ ಮನೆಯ ಕಡೆಯ ರಸ್ತೆಗೆ ಕೈ ತೋರಿಸಿದ. ಬಾಯಿ ಎಡಕ್ಕೆ ತಿರುಗಿದರು.

“ಬಾಯಿ, ಅಲ್ಲಿ ಗಲಾಟೆ ಆದ್ರೆ ಫಾದರಿಗೆ ನಾನು ಉತ್ತರ ಕೊಡ್ಬೇಕು” ಎಂದ ಜೋವಿನ್ ಮೆಲ್ಲಗೆ.

“ಗಲಾಟೆ ಮಾಡಿದ್ದು ನಾನು ಮಾರಾಯ, ಉತ್ತರ ನಾನೇ ಕೊಡ್ತೇನೆ. ನೀನು ಮೇಣದ ಬತ್ತಿ ಹಿಡಿ.”

ಹೆರಾಲ್ಡನ ಜಗಲಿಯಲ್ಲಿ ದೀಪ ಇರಲಿಲ್ಲ. ಒಳಗಿನ ಕೋಣೆಯಲ್ಲಿ ಮಾತ್ರ ಬೆಳಕು. ಬಾಯಿ ಉಳಿದವರನ್ನು ಗೇಟಿನಲ್ಲೇ ನಿಲ್ಲಿಸಿ ಒಬ್ಬರೇ ಹೊಸ್ತಿಲಿಗೆ ಹೋದರು. ಹೆರಾಲ್ಡ್ ಹೊರಗೆ ಬಂದು ಪ್ರತಿಮೆಯನ್ನು ನೋಡಿದ, ಬಾಯಿಯನ್ನು ನೋಡಿದ, ಗೇಟಿನಲ್ಲಿ ನಿಂತವರನ್ನು ನೋಡಿದ. ಕೈ ಚಾಚಲಿಲ್ಲ. ತನ್ನನ್ನು ಎಲ್ಲರ ಎದುರು ಇನ್ನೊಮ್ಮೆ ನಿಲ್ಲಿಸಲು ಬಂದಿದ್ದಾರೆ ಎಂದು ಅವನಿಗೆ ಅನಿಸಿತ್ತಂತೆ.

“ಇವತ್ತು ಎಂತ ಬೇಡಿಕೆ ಬಾಯಿ?” ಎಂದು ಕೇಳಿದ.

ಬಾಯಿ ಗೇಟಿಗೆ ಕೇಳದಷ್ಟು ಸಣ್ಣ ಸ್ವರದಲ್ಲಿ ಮಾತಾಡಿದರು. ಈ ಮಾತುಗಳನ್ನು ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದು ಒಂದೇ ರೀತಿ.

“ನನ್ನ ಗಿಡಕ್ಕೆ ನೀನು ಮದ್ದು ಬಿಟ್ಟೆ ಎಂದು ನನಗೆ ಸಂಶಯ ಉಂಟು ಹೆರಾಲ್ಡ್. ಈಗಲೂ ಉಂಟು, ಸುಳ್ಳು ಹೇಳುವುದಿಲ್ಲ. ಅದನ್ನು ನಿನ್ನ ಹತ್ತಿರ ಕೇಳದೆ ತೇರ್ಸಿನಲ್ಲಿ ಹೇಳಿದೆ. ಅದು ನನ್ನ ತಪ್ಪು. ಅಲ್ಲಿ ಅವರ ಎದುರು ಒಪ್ಪಿಕೊಂಡು ಬಂದಿದ್ದೇನೆ.”

ಹೆರಾಲ್ಡ್ ಬೇಲಿಯ ಕಡೆ ನೋಡಿದ.

“ಹುಲ್ಲಿಗೆ ಬಿಟ್ಟದ್ದು ಹೌದು” ಎಂದ. “ಅವತ್ತು ಗಾಳಿ ಇತ್ತು. ಆಚೆ ತಾಗ್ತದಾ ಎಂದು ನೋಡಬಹುದಿತ್ತು. ನೋಡಲಿಲ್ಲ.”

“ಯಾಕೆ ನೋಡಲಿಲ್ಲ?”

“ನಿಮ್ಮ ಕಣಿಯ ನೀರು ಎಲ್ಲಿಗೆ ಬೀಳ್ತದೆ ಎಂದು ನೀವು ನೋಡಿದ್ರಾ ಬಾಯಿ? ಆ ದಾರಿಯಲ್ಲಿ ಹತ್ತು ವರ್ಷ ನಡೆದವಳು ಈ ಮಳೆಗಾಲ ಯಾಕೆ ಜಾರಿದಳು? ಸಂಶಯ ನಿಮಗೆ ಮಾತ್ರ ಇರುವುದಾ?”

ಗಾಜಿನ ಪೆಟ್ಟಿಗೆ ಬಾಯಿಯ ಕೈಯಲ್ಲಿ ಭಾರವಾಯಿತು. ನೀರು ತಗ್ಗಿಗೆ ಹರಿಯುವುದು ದೇವರ ಕ್ರಮ ಎಂದು ನಕ್ಕದ್ದು ನೆನಪಾಯಿತು. ಅವನು ಹೇಳಿದ್ದು ನಿಜವೋ, ತನ್ನ ತಪ್ಪನ್ನು ಮುಚ್ಚಲು ತಂದ ಮಾತೋ ಎಂದು ಅಳೆಯಲು ಅವರ ಮನಸ್ಸು ಆಗಲೂ ಓಡಿತು. ಅಳೆದು ಮುಗಿಯುವುದಲ್ಲ ಎಂದು ಗೊತ್ತಾಗಿ, ಕಣಿಯನ್ನು ನಾಳೆಯೇ ತಿರುಗಿಸುತ್ತೇನೆ ಎಂದರು.

ಒಳಗಿನಿಂದ ಗ್ರೆಟ್ಟಾಳ ಸ್ವರ ಬಂತು. “ಯಾರದು? ಮಾತೆಯಾ? ಹೊಸ್ತಿಲಲ್ಲಿ ಎಷ್ಟು ಹೊತ್ತು ನಿಲ್ಲಿಸುವುದು ಹೆರಾಲ್ಡ್? ನಾನು ಎದ್ದು ಕೂತಾಗಿದೆ, ನನಗೆ ಹೀಗೆ ತುಂಬ ಹೊತ್ತು ಆಗುವುದಿಲ್ಲ.”

ಹೆರಾಲ್ಡ್ ಕೈ ಚಾಚಿ ಪ್ರತಿಮೆಯನ್ನು ತೆಗೆದುಕೊಂಡ.

ಗ್ರೆಟ್ಟಾ ಮಂಚದ ಮೇಲೆ ಎರಡು ದಿಂಬುಗಳಿಗೆ ಒರಗಿ, ಮದುವೆಗೆ ಉಡುವಂಥ ಸೀರೆಯನ್ನು ನೈಟಿಯ ಮೇಲೆ ಹೊದ್ದುಕೊಂಡು ಕೂತಿದ್ದಳು. ಮಾತೆ ಬರುವುದಿಲ್ಲ ಎಂದು ಹೆರಾಲ್ಡ್ ಅವಳಿಗೆ ಹೇಳಿರಲಿಲ್ಲ. ಯಾರೂ ನೇರವಾಗಿ ಹೇಳದಿದ್ದರೂ ಅದು ಅವನಿಗೆ ಗೊತ್ತಾಗಿತ್ತು, ಅದಕ್ಕೇ ಜಗಲಿಯ ದೀಪ ಹಾಕಿರಲಿಲ್ಲ. ಆದರೆ ಅವಳು ಕೂರಿಸು ಎಂದಾಗ ಕೂರಿಸಿದ್ದ. ಎಲ್ಲರೂ ಒಳಗೆ ಬಂದರು. ಕೋಣೆ ಸಾಲದೆ ಅರ್ಧ ಜನ ಜಗಲಿಯಲ್ಲಿ ಮೊಣಕಾಲೂರಿದರು. ಬಾಯಿ ತೇರ್ಸ್ ನಡೆಸಿದರು. ಬೇಡಿಕೆಯ ಹೊತ್ತಿನಲ್ಲಿ ಗ್ರೆಟ್ಟಾ ಒಬ್ಬಳೇ ಮಾತಾಡಿದಳು. ತನ್ನ ಸೊಂಟದ ಬಗ್ಗೆ ಹೇಳಿದಳು, ಆಮೇಲೆ ನೆರೆಮನೆಯ ಮಲ್ಲಿಗೆ ಒಣಗಿದ್ದಕ್ಕೆ ಬೇಡಿಕೊಂಡಳು. ಅವಳಿಗೆ ಅದನ್ನು ಮೀನಿನ ಹಾಜಬ್ಬ ಹೇಳಿದ್ದಂತೆ. ಪ್ರಭುವೇ ನಮ್ಮ ಮೊರೆ ಕೇಳು ಎನ್ನುವಾಗ ಹೆರಾಲ್ಡನ ಸ್ವರ ಎಲ್ಲಿದೆ ಎಂದು ಬಾಯಿ ಹುಡುಕಿದರು. ಕೇಳಿದಂತೆಯೂ ಆಯಿತು, ಕೇಳದಂತೆಯೂ ಆಯಿತು.

ತೇರ್ಸ್ ಮುಗಿದ ಮೇಲೆ ನಮ್ಮಲ್ಲಿ ಒಂದು ಕ್ರಮ ಉಂಟು. ಕಿರಿಯರು ಹಿರಿಯರ ಎದುರು ಕೈ ಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ, ಎಂದು ಹಿರಿಯರು ಹೇಳಬೇಕು. ದಿನಾ ಹೇಳಿ ಹೇಳಿ ಅದರ ಅರ್ಥ ಯಾರೂ ಯೋಚಿಸುವುದಿಲ್ಲ. ಆ ಕೋಣೆಯಲ್ಲಿ ಅಂದು ಹಿರಿಯರು ಸೆವ್ರಿನ್ ಬಾಯಿ. ಮಕ್ಕಳು ಬಂದು ಹೋದರು, ಜೋವಿನ್ ಬಂದು ಹೋದ. ಹೆರಾಲ್ಡ್ ಬಾಗಿಲ ಪಕ್ಕದಲ್ಲಿ ನಿಂತಿದ್ದ.

“ಹೋಗು, ಬೆಸಾಂವ್ ತಗೋ” ಎಂದಳು ಗ್ರೆಟ್ಟಾ. “ಬಾಯಿ ಮನೆಗೆ ಹೋಗುವುದು ಬೇಡವಾ?”

ಅವನು ಬಂದು ಕೈ ಮುಗಿದ. ತಲೆ ಮಾತ್ರ ಬಗ್ಗಿಸಲಿಲ್ಲ. ಈ ಹೆಂಗಸು ಏನು ಹೇಳುತ್ತಾಳೆ ನೋಡೋಣ ಎಂಬಂತೆ ನೇರ ಮುಖ ನೋಡಿದ. ಬಾಯಿ ಅವನ ಕೈಗಳನ್ನೇ ನೋಡುತ್ತಿದ್ದರು. ಬೆನ್ನಿಗೆ ಡಬ್ಬಿ ಕಟ್ಟಿದ ಕೈ ಅದು, ಹೆಂಡತಿಯನ್ನು ಎತ್ತಿ ಕೂರಿಸಿದ ಕೈಯೂ ಅದೇ. ಅವನಿಗೆ ಒಳ್ಳೆಯದಾಗಲಿ ಎಂದು ತನ್ನ ಮನಸ್ಸು ಒಪ್ಪುತ್ತದೆಯೇ ಎಂದು ಹುಡುಕಿದರೆ, ಒಪ್ಪಿದ ಗುರುತು ಸಿಗಲಿಲ್ಲ. ಒಪ್ಪುವ ತನಕ ಕಾದರೆ ಇವನು ಇಲ್ಲೇ ನಿಂತಿರಬೇಕಾಗುತ್ತದೆ ಎಂದು ಅನಿಸಿತಂತೆ.

“ದೇವ್ ಬರೆಂ ಕರುಂ” ಎಂದರು.

“ಕೇಳಲಿಲ್ಲ ಬಾಯಿ” ಎಂದ ಹೆರಾಲ್ಡ್.

ನಿಜವಾಗಿ ಕೇಳಲಿಲ್ಲವೋ, ಬೇಕೆಂದೇ ಹಾಗೆ ಹೇಳಿದನೋ, ಬಾಯಿಗೆ ಇಂದಿಗೂ ಸಂಶಯ ಉಂಟು. ಅಂದು ಮಾತ್ರ ಅದನ್ನು ವಿಚಾರಿಸಲು ಹೋಗದೆ, ಜಗಲಿಯಲ್ಲಿದ್ದವರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದರು.